ಅರವತ್ತು ನಿಮಿಷದ ಒಂದು ಧ್ವನಿಸುರುಳಿ



ಈ ದಿನದ ನನ್ನ ಮಾತು ಹಾಡುಗಳ ಬಗ್ಗೆ. ಆದರೆ ರಾಗ ತಾಳಗಳ ಶಾಸ್ತ್ರವನ್ನು ಹೇಳಲು ನಾನು ಬಂದಿಲ್ಲ; ಆ ಅಧಿಕಾರ ನನಗಿಲ್ಲ. ನಾನು ಓದಿದ್ದು ಭೌತಶಾಸ್ತ್ರ, ಹಿಡಿದ ವೃತ್ತಿ ದೂರದರ್ಶನದ ಕಾರ್ಯಕ್ರಮ ನಿರ್ಮಾಣ. ಕಳೆದ ವರ್ಷ ನಮ್ಮ ಮನೆಯ ಮಟ್ಟಿಗೆ ನಾನೊಂದು ಧ್ವನಿಸುರುಳಿಯನ್ನು ಸಿದ್ಧಪಡಿಸಿದೆ. ಅದರಲ್ಲಿ ಯಾವ ಹಾಡುಗಳಿರಬೇಕು, ಯಾಕಿರಬೇಕು ಎಂದು ಯೋಚಿಸುವಾಗ ಹಾಡಿನ ವಿಷಯ, ಕಿವಿಯ ವಿಷಯ, ಮನುಷ್ಯರ ವಿಷಯ ಮೂರೂ ಒಟ್ಟಿಗೆ ಎದುರಾದವು. ಅದನ್ನೇ ನಿಮ್ಮೊಡನೆ ಹಂಚಿಕೊಳ್ಳುತ್ತೇನೆ.

ನಾನು ಶಾಲೆಗೆ ಹೋಗುತ್ತಿದ್ದ 1990ರ ದಶಕದಲ್ಲಿ ಟೇಪ್ ರೆಕಾರ್ಡರ್ ಇದ್ದ ಪ್ರತಿ ಮನೆಯಲ್ಲೂ ಯಾವ ಅಂಗಡಿಯಲ್ಲೂ ಸಿಗದ ಒಂದು ಕ್ಯಾಸೆಟ್ಟಾದರೂ ಇರುತ್ತಿತ್ತು. ಒಂದು ಹಾಡು ಸಿನಿಮಾದ್ದು, ಇನ್ನೊಂದು ಭಾವಗೀತೆ, ಮತ್ತೊಂದು ರೇಡಿಯೋದಿಂದ ಹಿಡಿದದ್ದು. ಮೇಲಿನ ಚೀಟಿಯಲ್ಲಿ ಬಾಲ್‌ಪೆನ್ನಿನಿಂದ ಬರೆದ ಪಟ್ಟಿ. ನೀವು ಇಂದು ಮೊಬೈಲಿನಲ್ಲಿ ಮಾಡುವ ಪ್ಲೇಲಿಸ್ಟಿಗೂ ಅದಕ್ಕೂ ಮುಖ್ಯವಾದ ಒಂದು ವ್ಯತ್ಯಾಸವಿದೆ. ಪ್ಲೇಲಿಸ್ಟಿಗೆ ಕೊನೆಯಿಲ್ಲ, ಕ್ಯಾಸೆಟ್ಟಿಗೆ ಕೊನೆಯಿತ್ತು.

ಫಿಲಿಪ್ಸ್ ಸಂಸ್ಥೆ 1963ರಲ್ಲಿ ಹೊರತಂದ ಈ ಕ್ಯಾಸೆಟ್ಟಿನಲ್ಲಿ ಟೇಪಿನ ಅಗಲ ನಾಲ್ಕು ಮಿಲಿಮೀಟರಿಗಿಂತಲೂ ಕಡಿಮೆ. ಅದು ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಓಡುತ್ತದೆ. ಅರ್ಧ ಗಂಟೆಗೆ 1800 ಸೆಕೆಂಡು. ಗುಣಿಸಿ ನೋಡಿ: ಸುಮಾರು 86 ಮೀಟರ್ ಆಗುತ್ತದೆ. ಅಂದರೆ ಅರವತ್ತು ನಿಮಿಷದ ಕ್ಯಾಸೆಟ್ಟೆಂದರೆ 86 ಮೀಟರ್ ಉದ್ದದ, ಎರಡು ಮಗ್ಗುಲಿನಲ್ಲೂ ಹಾಡುವ ಒಂದು ಪಟ್ಟಿ. ಅಷ್ಟರಲ್ಲಿ ಹಿಡಿಸಿದ್ದೇ ನಿಮ್ಮ ಆಯ್ಕೆ. ಒಂದು ಹಾಡು ಒಳಗೆ ಬರಬೇಕಾದರೆ ಇನ್ನೊಂದು ಹೊರಗೆ ಹೋಗಬೇಕು.

ನಾನು ಈಗ ಕ್ಯಾಸೆಟ್ಟಿಗೇ ಯಾಕೆ ಮರಳಿದೆ ಎಂದು ನೀವು ಕೇಳಬಹುದು. ಕಾರಣ ನನ್ನ ತಂದೆ. ಅಪ್ಪಯ್ಯನಿಗೆ ಈಗ ಎಪ್ಪತ್ತೊಂಬತ್ತು ವರ್ಷ. ತೀರ್ಥಹಳ್ಳಿಯ ಕಡೆಯ ಹಳ್ಳಿಯೊಂದರಲ್ಲಿ ಶಾಲಾ ಮೇಷ್ಟರಾಗಿದ್ದು ನಿವೃತ್ತರಾದವರು. ಬೆಳಿಗ್ಗೆ ಭದ್ರಾವತಿ ಆಕಾಶವಾಣಿ ಹಾಕದೆ ಕಾಫಿ ಕುಡಿದವರಲ್ಲ. ಕೆಲವು ವರ್ಷಗಳಿಂದ ಅವರ ಕಿವಿ ಮಂದವಾಗುತ್ತ ಬಂತು. ಮೊದಲು ಫೋನಿನಲ್ಲಿ ಮಾತು ಕಡಿಮೆಯಾಯಿತು. ಆಮೇಲೆ ಪಂಕ್ತಿಯಲ್ಲಿ ಕೂತು ಊಟ ಮಾಡುವಾಗಲೂ ಮೌನ. ಕೊನೆಗೆ ಒಂದು ದಿನ ರೇಡಿಯೋದ ಮೇಲೆ ಬಟ್ಟೆ ಮುಚ್ಚಿಟ್ಟರು. “ಅದರಲ್ಲಿ ಬರೀ ಗದ್ದಲ” ಎಂಬುದು ಅವರ ಮಾತು. ಶ್ರವಣ ಯಂತ್ರ ತಂದುಕೊಟ್ಟೆವು. ಎದುರು ಕೂತು ಮಾತಾಡುವವರ ಮಾತಿಗೆ ಅದು ಒದಗುತ್ತದೆ. ಸಂಗೀತಕ್ಕೆ ಸರಿಹೊಂದುತ್ತಿಲ್ಲವೆಂದು ತೆಗೆದಿಡುತ್ತಾರೆ. ಇದರಲ್ಲಿ ವಿಚಿತ್ರವೇನಿಲ್ಲ. ಇಂಥ ಯಂತ್ರಗಳನ್ನು ಮುಖ್ಯವಾಗಿ ಮಾತಿಗೆಂದೇ ಹೊಂದಿಸಿರುತ್ತಾರೆ.

ಇಲ್ಲಿ ಸ್ವಲ್ಪ ವಿಜ್ಞಾನವನ್ನು ಗಮನಿಸೋಣ. ಎಳೆಯ ಕಿವಿ ಸೆಕೆಂಡಿಗೆ 20ರಿಂದ 20,000 ಕಂಪನಗಳವರೆಗಿನ, ಎಂದರೆ 20ರಿಂದ 20,000 ಹರ್ಟ್ಸ್ ವರೆಗಿನ, ಶಬ್ದವನ್ನು ಕೇಳಬಲ್ಲದು. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಕಾಕ್ಲಿಯ ಎಂಬ ಭಾಗವಿದೆ. ಅದರಲ್ಲಿ ಸುಮಾರು 15,000 ಸೂಕ್ಷ್ಮ ರೋಮಕೋಶಗಳು ಸಾಲಾಗಿ ನಿಂತಿವೆ. ಚಿಪ್ಪಿನ ಬಾಗಿಲ ಬಳಿ ಇರುವ ಕೋಶಗಳು ಕೀರಲು ಶಬ್ದಕ್ಕೆ, ಒಳತುದಿಯಲ್ಲಿರುವವು ಗಡುಸು ಶಬ್ದಕ್ಕೆ ಓಗೊಡುತ್ತವೆ. ವಯಸ್ಸಾದಂತೆ ಮೊದಲು ಸವೆಯುವವು ಬಾಗಿಲ ಬಳಿಯವು. ಹಕ್ಕಿಗಳಲ್ಲಿ ಈ ಕೋಶಗಳು ಮತ್ತೆ ಹುಟ್ಟುತ್ತವೆ, ಮನುಷ್ಯರಲ್ಲಿ ಹುಟ್ಟುವುದಿಲ್ಲ.

ಇದರ ಪರಿಣಾಮವೇನು? ಅ, ಆ, ಓ ಮುಂತಾದ ಸ್ವರಗಳ ಶಕ್ತಿ ಬಹುಪಾಲು ಕೆಳಗಿನ ಕಂಪನಗಳಲ್ಲಿದೆ. ‘ಸ’, ‘ಶ’, ‘ತ’ದಂಥ ವ್ಯಂಜನಗಳ ಗುರುತು ಇರುವುದು ಮೇಲಿನ ಕಂಪನಗಳಲ್ಲಿ. ಆದ್ದರಿಂದ ವಯಸ್ಸಾದವರಿಗೆ ‘ಶಬ್ದ ಕೇಳುತ್ತದೆ, ಮಾತು ತಿಳಿಯುವುದಿಲ್ಲ’. ನಾವು ಗಟ್ಟಿಯಾಗಿ ಕೂಗುತ್ತೇವೆ. ಕೂಗಿದಾಗ ಸ್ವರಗಳು ದೊಡ್ಡದಾಗುತ್ತವೆಯೇ ಹೊರತು ವ್ಯಂಜನಗಳು ಸ್ಪಷ್ಟವಾಗುವುದಿಲ್ಲ. ಜೊತೆಗೆ ಇನ್ನೊಂದು ತೊಡಕು: ಮೆಲ್ಲನೆಯದು ಕೇಳದ ಕಿವಿಗೆ, ಸ್ವಲ್ಪ ಗಟ್ಟಿಯಾದೊಡನೆ ಶಬ್ದ ಹಿಂಸೆಯಾಗಿಬಿಡುತ್ತದೆ. “ಕೇಳ್ತಾ ಇಲ್ಲ” ಎಂದವರೇ ಮರುಕ್ಷಣ “ಕಿರುಚಬೇಡ” ಎಂದರೆ ಅದು ಮುಂಗೋಪವಲ್ಲ, ಒಳಗಿವಿಯ ಸ್ಥಿತಿ.

ಈ ಕಿವಿಗೆ ಒಪ್ಪುವ ಒಂದು ಗಂಟೆಯ ಹಾಡುಗಳನ್ನು ಜೋಡಿಸಬಹುದೇ ಎಂಬುದು ನನ್ನ ಪ್ರಶ್ನೆಯಾಯಿತು. ಮನೆಯಲ್ಲಿ ಹಳೆಯ ಟೂ ಇನ್ ಒನ್ ಇನ್ನೂ ಓಡುತ್ತಿತ್ತು. ಅದರ ಗುಂಡಿಗಳು ಅಪ್ಪಯ್ಯನ ಬೆರಳಿಗೆ ಗೊತ್ತು. ಮೊಬೈಲಿನ ಗಾಜು ಗೊತ್ತಿಲ್ಲ. ಬೇಡವಾದ ಹಳೆಯ ಕ್ಯಾಸೆಟ್ಟೊಂದನ್ನು ತೆಗೆದು, ಅಳಿಸಿಹೋಗದಿರಲೆಂದು ಹಿಂದೆ ಮುರಿದಿದ್ದ ಅದರ ಹಿಂಬದಿಯ ಕಿಂಡಿಗಳಿಗೆ ಸೆಲ್ಲೋಟೇಪು ಅಂಟಿಸಿದೆ. ಧ್ವನಿಮುದ್ರಣಕ್ಕೆ ಅದು ಮತ್ತೆ ಸಿದ್ಧವಾಯಿತು.

ನಾನು ಎರಡು ನಿಯಮ ಹಾಕಿಕೊಂಡೆ. ಮೊದಲನೆಯದು, ವಾದ್ಯ ಕಡಿಮೆ, ಕಂಠ ಮುಂದೆ. ಎರಡನೆಯದು, ಅವರಿಗೆ ಮೊದಲೇ ಬಾಯಿಗೆ ಬರುವ ಹಾಡೇ ಆಗಬೇಕು. ಈ ಎರಡನೆಯ ನಿಯಮದ ಹಿಂದೆಯೂ ವಿಜ್ಞಾನವಿದೆ. ರಿಚರ್ಡ್ ವಾರೆನ್ ಎಂಬ ಮನಶ್ಶಾಸ್ತ್ರಜ್ಞರು 1970ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಧ್ವನಿಮುದ್ರಿತ ವಾಕ್ಯವೊಂದರಲ್ಲಿ ಒಂದು ಸಣ್ಣ ಧ್ವನಿಯನ್ನು ಕತ್ತರಿಸಿ ಆ ಜಾಗದಲ್ಲಿ ಕೆಮ್ಮಿನ ಶಬ್ದ ಸೇರಿಸಿ ಜನರಿಗೆ ಕೇಳಿಸಿದರು. ಕೇಳಿದವರಿಗೆ ವಾಕ್ಯದಲ್ಲಿ ಏನೋ ಇಲ್ಲವೆನಿಸಲೇ ಇಲ್ಲ. ಕಿವಿ ಕೊಡದೆ ಉಳಿದದ್ದನ್ನು ಮಿದುಳು ತಾನೇ ತುಂಬಿಕೊಂಡಿತ್ತು. ಹಾಡು ಗೊತ್ತಿದ್ದಷ್ಟೂ ಈ ತುಂಬುವ ಕೆಲಸ ಸುಲಭ. ಅಂದರೆ ಅಪ್ಪಯ್ಯ ಅರ್ಧ ಕಿವಿಯಿಂದ, ಇನ್ನರ್ಧ ನೆನಪಿನಿಂದ ಕೇಳಬೇಕು.

ಆದರೆ ಅವರ ನೆನಪಿನಲ್ಲಿರುವುದೇನು? ಇದು ನನಗೆ ಗೊತ್ತಿರಲಿಲ್ಲ. ಅಮ್ಮನನ್ನು ಕೇಳಿದೆ, ಸೋದರತ್ತೆಯನ್ನು ಕೇಳಿದೆ, ಅವರ ಜೊತೆ ಪಾಠ ಮಾಡಿದ ಹಿರಿಯ ಮೇಷ್ಟರೊಬ್ಬರನ್ನು ಕೇಳಿದೆ. ಹಾಡಿನ ಪಟ್ಟಿ ಮಾಡಲು ಹೋದ ನನಗೆ, ನಾನು ಹುಟ್ಟುವ ಮೊದಲಿನ ಅಪ್ಪಯ್ಯ ಸಿಕ್ಕಿದರು. ಕಡೆಗೆ ಹತ್ತು ಮುದ್ರಣಗಳು ಉಳಿದವು.

ಮೊದಲನೆಯದು ಹಾಡಲ್ಲ, ಆಕಾಶವಾಣಿಯ ಸಂಕೇತ ಸಂಗೀತ. ನಾಜಿಗಳ ಕಾಟದ ಕಾಲದಲ್ಲಿ ಯುರೋಪಿನಿಂದ ಮುಂಬಯಿಗೆ ಬಂದು ಅಲ್ಲಿನ ರೇಡಿಯೋ ಕೇಂದ್ರದಲ್ಲಿ ದುಡಿದ ವಾಲ್ಟರ್ ಕೌಫ್‌ಮನ್ ಅವರ ರಚನೆಯೆಂದು ಅದು ಹೆಸರಾಗಿದೆ. ತಂಬೂರಿಯ ಶ್ರುತಿಯ ಮೇಲೆ ಪಿಟೀಲು. ಆಕಾಶವಾಣಿ ಎಂಬ ಹೆಸರು ಮಾತ್ರ ನಮ್ಮ ಮೈಸೂರಿನದು. ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ನಡೆಸಿದ ಬಾನುಲಿ ಕೇಂದ್ರದ ಜೊತೆಗೆ ಬಂದದ್ದು. ಪಿಟೀಲಿನ ಮೇಲಿನ ನಾದ ಅಪ್ಪಯ್ಯನಿಗೆ ಪೂರ್ತಿ ಕೇಳದು ಎಂದು ನನಗೆ ಗೊತ್ತಿತ್ತು. ಆದರೆ ದಿನ ಆರಂಭವಾಯಿತು ಎಂದು ಹೇಳಲು ಅವರ ಪಾಲಿಗೆ ಬೇರೆ ಗುರುತಿಲ್ಲ.

ಎರಡನೆಯದು ಭೀಮಸೇನ ಜೋಶಿಯವರ ಕಂಠದಲ್ಲಿ ಪುರಂದರದಾಸರ ಪದ. ಮೂರನೆಯದು ಮಲ್ಲಿಕಾರ್ಜುನ ಮನ್ಸೂರರು ಹಾಡಿದ ವಚನ. ಗದಗದ ಸೀಮೆಯಲ್ಲಿ 1922ರಲ್ಲಿ ಹುಟ್ಟಿದ ಜೋಶಿಯವರು, ಧಾರವಾಡದ ಬಳಿ 1910ರಲ್ಲಿ ಹುಟ್ಟಿದ ಮನ್ಸೂರರು, ಇಬ್ಬರೂ ಹಿಂದೂಸ್ತಾನಿ ಸಂಗೀತದ ದೊಡ್ಡ ಹೆಸರುಗಳು. ನನ್ನ ಕೆಲಸಕ್ಕೆ ಬೇಕಾದ ಗುಣ ಇಬ್ಬರಲ್ಲೂ ಇತ್ತು. ಜೋಶಿಯವರ ದನಿ ತಗ್ಗಿನ ಸ್ಥಾಯಿಯಲ್ಲೂ ತುಂಬಿಕೊಂಡೇ ಇರುತ್ತದೆ. ಮನ್ಸೂರರು ವಚನದ ಒಂದೊಂದು ಮಾತನ್ನೂ ಅವಸರವಿಲ್ಲದೆ ತಿರುಗಿಸಿ ತಿರುಗಿಸಿ ಹೇಳುತ್ತಾರೆ. ಮೊದಲ ಸಲ ತಪ್ಪಿದ ಶಬ್ದ ಎರಡನೆಯ ಸಲ ಸಿಗುತ್ತದೆ. ಪುನರಾವೃತ್ತಿ ಸಂಗೀತದ ಅಲಂಕಾರವೆಂದು ನಾವು ತಿಳಿಯುತ್ತೇವೆ. ಮಂದವಾದ ಕಿವಿಗೆ ಅದು ಊರುಗೋಲು.

ನಾಲ್ಕನೆಯದು ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ಯ ಕವಿತೆ, ಸಿ. ಅಶ್ವತ್ಥ್ ಅವರ ಸಂಯೋಜನೆ. ಸಂಕಲನ ಬಂದದ್ದು 1942ರಲ್ಲಿ. ನಮ್ಮ ಮನೆಯಲ್ಲಿ ಆ ಪುಸ್ತಕದ ಒಂದು ಪ್ರತಿ ಇದೆ. ಅಪ್ಪಯ್ಯ ಮದುವೆಯ ವರ್ಷ ಅಮ್ಮನಿಗೆ ಕೊಟ್ಟದ್ದಂತೆ. ಇದು ನನಗೆ ತಿಳಿದದ್ದು ಪಟ್ಟಿ ಮಾಡುವಾಗ. ಅಮ್ಮ ಅದನ್ನು ಹೇಳುವಾಗ ಅಡಿಗೆಮನೆಯ ಕಡೆ ತಿರುಗಿಕೊಂಡಳು. ಹಾಡು ಪಟ್ಟಿಗೆ ಸೇರಿತು, ಚರ್ಚೆ ಬೇಕಾಗಲಿಲ್ಲ.

ಐದನೆಯದು ಕೆ. ಎಸ್. ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ ಧ್ವನಿಸುರುಳಿಯದು. ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ 1978ರಲ್ಲಿ ಹೊರಬಂದ ಅದನ್ನು ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂದು ಹೇಳುತ್ತಾರೆ. ಅದರೊಂದಿಗೆ ಕವಿತೆಗೆ ಪುಸ್ತಕದಿಂದ ಹೊರಗೆ ಒಂದು ಮನೆ ಸಿಕ್ಕಿತು. ವಿಜ್ಞಾನದ ವಿದ್ಯಾರ್ಥಿಗಳು ಒಂದು ಸಂಗತಿಯನ್ನು ನೆನಪಿಡಬೇಕು: ನಿಸಾರ್ ಅಹಮದ್ ಭೂವಿಜ್ಞಾನದ ಅಧ್ಯಾಪಕರು, ನಮ್ಮ ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಹೇಳಿದವರು. ಕಲ್ಲಿನ ಪದರಗಳನ್ನು ಓದುವ ಕಣ್ಣಿಗೆ ಕವಿತೆ ಹೊರಗಿನದಲ್ಲ. ಇಲ್ಲಿಗೆ ಮೊದಲ ಮಗ್ಗುಲು ಮುಗಿಯಿತು.

ಎರಡನೆಯ ಮಗ್ಗುಲಿನ ಮೊದಲ ಹಾಡು ಶಿವಮೊಗ್ಗ ಸುಬ್ಬಣ್ಣ ಅವರದು. ಚಂದ್ರಶೇಖರ ಕಂಬಾರರ ‘ಕಾಡು ಕುದುರೆ’ ಚಿತ್ರದ ಗೀತೆಗೆ ಅವರಿಗೆ 1978ನೇ ಸಾಲಿನ ರಾಷ್ಟ್ರಪ್ರಶಸ್ತಿ ಬಂತು. ಹಿನ್ನೆಲೆ ಗಾಯನಕ್ಕೆ ಆ ಗೌರವ ಪಡೆದ ಮೊದಲ ಕನ್ನಡಿಗರು ಅವರು. ವೃತ್ತಿಯಿಂದ ವಕೀಲರು, 2022ರಲ್ಲಿ ತೀರಿಕೊಂಡರು. ಅಪ್ಪಯ್ಯ ಹರೆಯದಲ್ಲಿ ಗಣಪತಿ ಉತ್ಸವದಲ್ಲಿ ಸುಬ್ಬಣ್ಣ ಅವರ ಹಾಡು ಕೇಳಲೆಂದು ಬಸ್ಸು ತಪ್ಪಿಸಿಕೊಂಡು, ರಾತ್ರಿಯೆಲ್ಲ ಬಸ್ ನಿಲ್ದಾಣದಲ್ಲೇ ಕಳೆದರಂತೆ. ಅತ್ತೆ ಹೇಳಿದ್ದು. ಸಂಜೆ ಏಳರ ಮೇಲೆ ನಮ್ಮನ್ನು ಮನೆಯಿಂದ ಹೊರಗೆ ಬಿಡದಿದ್ದ ಮೇಷ್ಟರ ಕಥೆ ಇದು!

ಏಳನೆಯದು ಡಾ. ರಾಜ್‌ಕುಮಾರ್ ‘ಜೀವನ ಚೈತ್ರ’ಕ್ಕಾಗಿ ತೋಡಿ ರಾಗದಲ್ಲಿ ಹಾಡಿದ ಗೀತೆ. 1992ನೇ ಸಾಲಿನ ರಾಷ್ಟ್ರಪ್ರಶಸ್ತಿ ಅದಕ್ಕೆ ಬಂತು. ನಟನಾಗಿ ಅಷ್ಟು ದೊಡ್ಡ ಹೆಸರು ಪಡೆದವರಿಗೆ ಗಾಯಕನಾಗಿ ಈ ಪ್ರಶಸ್ತಿ ಬಂದದ್ದು ನಿಮ್ಮಲ್ಲಿ ಕೆಲವರಿಗೆ ಗೊತ್ತಿರಲಿಕ್ಕಿಲ್ಲ. ಅವರ ಉಚ್ಚಾರಣೆಯಲ್ಲಿ ಒತ್ತಕ್ಷರ ಎಂದೂ ಸಡಿಲವಾಗುವುದಿಲ್ಲ. ಮೇಷ್ಟರು ಅವರನ್ನು ಮೆಚ್ಚಿದ್ದು ಅದಕ್ಕೇ.

ಎಂಟನೆಯ ಹಾಡು ನನ್ನ ಎರಡೂ ನಿಯಮಗಳನ್ನು ಮುರಿಯಿತು. ಎಸ್. ಜಾನಕಿಯವರು ‘ಗೆಜ್ಜೆಪೂಜೆ’ ಚಿತ್ರಕ್ಕೆ ಹಾಡಿದ್ದು, ಅಮ್ಮನ ಆಯ್ಕೆ. ಪುಟ್ಟಣ್ಣ ಕಣಗಾಲರ 1969ರ ಆ ಚಿತ್ರಕ್ಕೆ ಆಧಾರವಾದ ಕಾದಂಬರಿ ತೀರ್ಥಹಳ್ಳಿಯಲ್ಲಿ ಹುಟ್ಟಿದ ಎಂ. ಕೆ. ಇಂದಿರಾ ಅವರದು. ಹೆಣ್ಣುದನಿ ಮೇಲಿನ ಸ್ಥಾಯಿಗೆ ಏರಿದಂತೆ ಸ್ವರಾಕ್ಷರಗಳ ನಡುವಿನ ವ್ಯತ್ಯಾಸ ಕಿವಿಗೆ ಕಡಿಮೆಯಾಗುತ್ತ ಹೋಗುತ್ತದೆ. ಇದು ಗಾಯಕಿಯ ಕೊರತೆಯಲ್ಲ, ಧ್ವನಿಶಾಸ್ತ್ರದ ನಿಯಮ. ಅಪ್ಪಯ್ಯನಿಗೆ ಇದು ಹಿಡಿಸುವುದಿಲ್ಲ ಎಂದು ಅಮ್ಮನಿಗೆ ವಿವರಿಸಿದೆ. “ಅರವತ್ತು ನಿಮಿಷದಲ್ಲಿ ನನಗೆ ನಾಲ್ಕು ನಿಮಿಷ ಇರಲಿ” ಎಂದಳು. ಅದಕ್ಕೆ ಎದುರು ಹೇಳಲು ಯಾವ ಶಾಸ್ತ್ರವೂ ಒದಗಲಿಲ್ಲ.

ಒಂಬತ್ತನೆಯದು ಯಕ್ಷಗಾನದ ಪದ, ಭಾಗವತ ಕಾಳಿಂಗ ನಾವಡರದು. 1990ರಲ್ಲಿ, ಇನ್ನೂ ಹರೆಯದಲ್ಲೇ, ಅಪಘಾತದಲ್ಲಿ ತೀರಿಕೊಂಡ ನಾವಡರ ಪದಗಳು ಕ್ಯಾಸೆಟ್ಟಿನ ಮೂಲಕವೇ ಮಲೆನಾಡಿನ ಮನೆಗಳಲ್ಲಿ ಉಳಿದವು. ಇಲ್ಲಿ ತೊಡಕಾದದ್ದು ಚಂಡೆ. ಮೊದಲು ಕೇಳಿಸಿದಾಗ ಚಂಡೆಯ ಪೆಟ್ಟಿಗೆ ಅಪ್ಪಯ್ಯ ಕಿವಿ ಮುಚ್ಚಿಕೊಂಡರು. ನಾನಾಗಲೇ ಹೇಳಿದ, ಗಟ್ಟಿ ಶಬ್ದ ಹಿಂಸೆಯಾಗುವ ಗುಣ. ಕಂಪ್ಯೂಟರಿನಲ್ಲಿ ಪೆಟ್ಟಿನ ಅಬ್ಬರವನ್ನಷ್ಟು ತಗ್ಗಿಸಿ, ಪದವನ್ನು ಮುಂದೆ ತಂದು, ಮತ್ತೆ ಮುದ್ರಿಸಿದೆ. ಎರಡನೆಯ ಸಲ ಅವರ ಬೆರಳು ಕುರ್ಚಿಯ ಕೈಯ ಮೇಲೆ ತಾಳ ಹಾಕಿತು.

ಹತ್ತನೆಯದು ನಮ್ಮ ಅಜ್ಜಿಯ ಹಾಡು. ಅಪ್ಪಯ್ಯನ ತಾಯಿ. 1995ರ ದೀಪಾವಳಿಯ ರಾತ್ರಿ ಆರತಿಯ ಹಾಡೊಂದನ್ನು ಚಿಕ್ಕಪ್ಪ ಟೇಪಿನಲ್ಲಿ ಹಿಡಿದಿದ್ದರು. ಅಜ್ಜಿ ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಯಿತು. ಅವಳ ದನಿಯಿರುವುದು ಆ ನಾಲ್ಕು ನಿಮಿಷದಲ್ಲಿ ಮಾತ್ರ. ಟೇಪು ಹಳೆಯದು. ಸುತ್ತಿದ ಸುರುಳಿಯಲ್ಲಿ ಒಂದು ಪದರದ ಕಾಂತತ್ವ ಪಕ್ಕದ ಪದರಕ್ಕೆ ತುಸು ಅಂಟಿಕೊಳ್ಳುವುದರಿಂದ, ಅಜ್ಜಿ ಹಾಡತೊಡಗುವ ಮೊದಲೇ ಆ ದನಿಯ ಮಸುಕು ನೆರಳೊಂದು ಕೇಳುತ್ತದೆ. ಉದ್ದಕ್ಕೂ ‘ಸ್ಸ್’ ಎಂಬ ಸದ್ದು. ಕಾರ್ಯಕ್ರಮಕ್ಕೆ ಬಳಸಲು ಇಂಥ ಮುದ್ರಣವನ್ನು ನಾವು ಒಪ್ಪುವುದಿಲ್ಲ.

ಆದರೆ ಇಲ್ಲೊಂದು ವಿಶೇಷವನ್ನು ಗಮನಿಸಿ. ಟೇಪಿನ ಆ ‘ಸ್ಸ್’ ಸದ್ದು ನಮಗೆ ಎದ್ದು ಕೇಳುವುದು ಮೇಲಿನ ಕಂಪನಗಳಲ್ಲಿ. ಅಪ್ಪಯ್ಯನ ಕಿವಿ ಕಳೆದುಕೊಂಡಿರುವುದೂ ಅವನ್ನೇ. ಅಂದರೆ ನಮಗೆ ಪರದೆಯ ಹಿಂದಿನಿಂದ ಕೇಳಿದ ಹಾಗಿರುವ ಆ ಹಾಡು ಅವರಿಗೆ ಪರದೆಯಿಲ್ಲದೆ ಕೇಳುತ್ತದೆ. ಹತ್ತರಲ್ಲಿ ಈ ಒಂದು ಮುದ್ರಣದ ಮಟ್ಟಿಗೆ ಅವರ ಕಿವಿಯೇ ನಮ್ಮದಕ್ಕಿಂತ ಅನುಕೂಲವಾದದ್ದು.

ಕ್ಯಾಸೆಟ್ಟು ಮುಗಿದು ಗುಂಡಿ ಟಕ್ಕೆಂದು ಮೇಲೆದ್ದಿತು. ಅಪ್ಪಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಅಮ್ಮ ನಡುವೆ ಒಂದು ನುಡಿ ಬಿಟ್ಟಿದಾಳೆ” ಎಂದು, ಬಿಟ್ಟುಹೋಗಿದ್ದ ಆ ನುಡಿಯನ್ನು ತಾವೇ ಹೇಳಿದರು. ಆ ನುಡಿ ನಮ್ಮ ಮನೆಯಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ, ಅತ್ತೆಗೂ ಇಲ್ಲ. ಅಮ್ಮ ಓಡಿಹೋಗಿ ಪೆನ್ನು ತಂದಳು. ಅಂದು ಸಂಜೆ ಅಪ್ಪಯ್ಯ ಇನ್ನೂ ಎರಡು ಹಾಡು ಹೇಳಿ ಬರೆಸಿದರು. ಎಷ್ಟೋ ತಿಂಗಳ ಮೇಲೆ ಅವರಾಗಿಯೇ ಮಾತಿಗೆ ತೊಡಗಿದ ಸಂಜೆ ಅದು.

ಇದರಿಂದ ಅವರ ಕಿವಿ ಸರಿಹೋಯಿತೆಂದು ನಾನು ಹೇಳಲಾರೆ. ಹೊಸ ಹಾಡು ಅವರಿಗೆ ಇಂದಿಗೂ ಗದ್ದಲವೇ. ಜಾನಕಿಯವರ ಹಾಡು ಬಂದಾಗ ಸಾಹಿತ್ಯ ಹಿಡಿಸುವುದಿಲ್ಲ; ಅಮ್ಮ ಪಕ್ಕದಲ್ಲಿ ಕೂತು ಒಂದೊಂದು ಸಾಲನ್ನೂ ಅವರ ಮುಖದ ಎದುರು ನಿಧಾನವಾಗಿ ಹೇಳುತ್ತಾಳೆ. ಲೆಕ್ಕದ ಪ್ರಕಾರ ತೆಗೆದುಹಾಕಬೇಕಾಗಿದ್ದ ಆ ಹಾಡೇ ಈಗ ಇಬ್ಬರನ್ನೂ ಒಂದೆಡೆ ಕೂರಿಸುತ್ತಿದೆ. ಎದುರು ಕೂತು, ತುಟಿ ಕಾಣುವಂತೆ, ಅವಸರವಿಲ್ಲದೆ ಮಾತಾಡುವುದು ಕೂಗುವುದಕ್ಕಿಂತ ಮೇಲೆಂದು ನಮ್ಮ ಮನೆ ಕಲಿತದ್ದೂ ಹೀಗೆಯೇ.

ಮಿತ್ರರೇ, ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ನಿಮ್ಮ ಕಿವಿಯಲ್ಲಿರುವ ಆ 15,000 ಕೋಶಗಳೂ ಇನ್ನು ಹುಟ್ಟುವಂಥವಲ್ಲ. ಅವುಗಳನ್ನು ಸವೆಸುವುದು ವಯಸ್ಸೊಂದೇ ಅಲ್ಲ. ಕಿವಿಗೆ ಸಿಕ್ಕಿಸಿಕೊಳ್ಳುವ ಇಯರ್‌ಫೋನೂ ಸವೆಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು 80 ಡೆಸಿಬೆಲ್ ಮಟ್ಟದ ಸದ್ದನ್ನು ವಾರಕ್ಕೆ 40 ಗಂಟೆಯವರೆಗೆ ಕೇಳಬಹುದು. ಮೂರು ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ಇಮ್ಮಡಿ, ಕೇಳಬಹುದಾದ ಅವಧಿ ಅರ್ಧ. 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ. ಮಕ್ಕಳಿಗೆ ಈ ಮಿತಿ 75ರಿಂದಲೇ ಆರಂಭ. ಲೆಕ್ಕ ನಿಮಗೆ ತಿಳಿಯುತ್ತದೆ. ಗುಂಡಿ ನಿಮ್ಮ ಕೈಯಲ್ಲಿದೆ.

ಇನ್ನೊಂದು ಕೆಲಸವನ್ನೂ ಹೇಳುತ್ತೇನೆ. ನಿಮ್ಮ ಮನೆಯಲ್ಲಿ ಅಜ್ಜನೋ, ಅಜ್ಜಿಯೋ, ಹಿರಿಯ ನೆಂಟರೋ ಇದ್ದರೆ ಅವರಿಗಾಗಿ ಒಂದು ಗಂಟೆಯ ಹಾಡುಗಳನ್ನು ಜೋಡಿಸಿ. ಕ್ಯಾಸೆಟ್ಟೇ ಆಗಬೇಕಿಲ್ಲ, ಅವರ ಬೆರಳಿಗೆ ಒಗ್ಗುವ ಯಾವ ಸಾಧನವಾದರೂ ಸರಿ. ಆದರೆ ಮಿತಿ ಮಾತ್ರ ಅರವತ್ತು ನಿಮಿಷದ್ದೇ ಇರಲಿ. ನಿಮಗೆ ಇಷ್ಟವಾದದ್ದನ್ನು ಹಾಕಬೇಡಿ. ಅವರು ಯಾವುದನ್ನು ಎಲ್ಲಿ ಮೊದಲು ಕೇಳಿದರು ಎಂದು ವಿಚಾರಿಸಿ, ಬರೆದುಕೊಳ್ಳಿ. ಕಡೆಯ ಐದು ನಿಮಿಷವನ್ನು ಖಾಲಿ ಬಿಟ್ಟು, ಅದರಲ್ಲಿ ಅವರದೇ ದನಿಯನ್ನು ಮುದ್ರಿಸಿ. ಹಾಡಬೇಕೆಂದಿಲ್ಲ, ಗಾದೆ ಹೇಳಲಿ, ಊರಿನ ದಾರಿ ಹೇಳಲಿ. ಮುದ್ರಣಕ್ಕೆ ಹೆಸರು, ದಿನಾಂಕ ಕೊಟ್ಟು ಎರಡು ಕಡೆ ಉಳಿಸಿಡಿ. ಸಾವಿರ ಫೈಲುಗಳ ನಡುವೆ ಹೆಸರಿಲ್ಲದೆ ಬಿದ್ದ ದನಿ ಇದ್ದೂ ಇಲ್ಲದ ಹಾಗೆ.

ಅವರನ್ನು ಕೇಳುವ ಕೆಲಸವನ್ನು ಪರೀಕ್ಷೆ ಮುಗಿಯಲಿ, ರಜೆ ಬರಲಿ ಎಂದು ಮುಂದೂಡಬೇಡಿ. ನಮ್ಮ ಅಜ್ಜಿ ಬಿಟ್ಟ ನುಡಿ ಒಬ್ಬರ ನೆನಪಿನಲ್ಲಿ ಮಾತ್ರ ಉಳಿದಿತ್ತು. ನಿಮ್ಮ ಮನೆಯಲ್ಲಿ ಅಂಥದ್ದು ಎಷ್ಟಿದೆಯೋ ಎಣಿಸಿದವರಿಲ್ಲ. ಈ ವಾರವೇ ಒಂದು ಸಂಜೆ ಅವರ ಎದುರು ಕೂತು ಕೇಳಿ.